ಹುಚ್ಚಿನ ಲೆಕ್ಕಕ್ಕೆ ಬರೆದ ಸಾವು

ಕಾರವಾರ, ಅಂಕೋಲೆಯ ಸುದ್ದಿ ಅಚ್ಚಾಗುವ ಪುಟಗಳಲ್ಲಿ, ಹಾಗೆ ನೋಡಿದರೆ ಕನ್ನಡ ಪತ್ರಿಕೆಗಳ ಯಾವ ಜಿಲ್ಲೆಯ ಪುಟದಲ್ಲೂ, ಒಂದು ವಾಕ್ಯ ಮೊಳೆ ಜೋಡಿಸಿಟ್ಟಂತೆ ಸಿದ್ಧವಾಗಿರುತ್ತದೆ: ಮಾನಸಿಕ ಅಸ್ವಸ್ಥನಾಗಿದ್ದ ಯುವಕನೊಬ್ಬ ಜೀವನದಲ್ಲಿ ಜಿಗುಪ್ಸೆಗೊಂಡು ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಹೆಸರು, ಊರು, ವಯಸ್ಸು ಬದಲಾಗುತ್ತವೆ; ವಾಕ್ಯ ಬದಲಾಗುವುದಿಲ್ಲ. ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬೇರೆ ಸಂಗತಿಗಳಿವೆ. ‘ಮಾನಸಿಕ ಅಸ್ವಸ್ಥ’ ಎಂಬುದು ಕಾಯಿಲೆಯ ಮಾತು. ‘ಜಿಗುಪ್ಸೆಗೊಂಡು’ ಎಂಬುದು ಒಬ್ಬ ಮನುಷ್ಯ ತನ್ನ ಬದುಕನ್ನು ತೂಗಿ ನೋಡಿ ಬೇಸತ್ತ ಮಾತು. ಓದುವವರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ‘ತಲೆ ಸರಿ ಇರಲಿಲ್ಲವಂತೆ’ ಎಂದು ಪುಟ ಮಗುಚಿದರೆ ಮುಗಿಯಿತು, ಅದು ಯಾತರ ಜಿಗುಪ್ಸೆ ಎಂದು ಯಾರೂ ಕೇಳುವುದಿಲ್ಲ. ಸರ್ಕಾರದ ಲೆಕ್ಕವೂ ಹೀಗೆಯೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳನ್ನು ಎಣಿಸಿತು. ಕಾರಣಗಳ ಪಟ್ಟಿಯಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7, ಕಾಯಿಲೆ ಶೇ 18.4, ಕಾಯಿಲೆಯ ಅಡಿಯಲ್ಲಿ ಮಾನಸಿಕ ಕಾಯಿಲೆಗೊಂದು ಉಪಶೀರ್ಷಿಕೆ. ಒಂದು ಸಾವಿಗೆ ಒಂದು ಖಾನೆ. ಸ್ಕಿಜೋಫ್ರೇನಿಯಾ ಇದ್ದವನ ಮದುವೆ ಮುರಿದು, ಕೆಲಸ ಹೋಗಿ, ಅವನು ಜೀವ ತೆಗೆದುಕೊಂಡರೆ ಯಾವ ಖಾನೆ? ಮದುವೆಯ ಖಾನೆಗಿಂತ ಹುಚ್ಚಿನ ಖಾನೆಯಲ್ಲಿ ಬರೆಯುವುದು ಮನೆಯವರಿಗೂ ಸುಲಭ, ಬರೆದುಕೊಳ್ಳುವವರಿಗೂ ಸುಲಭ.

ಈ ರೂಢಿಯ ತಿಳಿವಳಿಕೆಯನ್ನು ಅದರ ಪೂರ್ತಿ ಬಲದೊಂದಿಗೆ ಮುಂದಿಡುವುದು ನ್ಯಾಯ. ಅದು ಹೇಳುವುದು ಇಷ್ಟು: ಸ್ಕಿಜೋಫ್ರೇನಿಯಾ ಮಿದುಳಿನ ಕಾಯಿಲೆ, ಅದರಲ್ಲಿ ಇಲ್ಲದ ದನಿ ಕೇಳಿಸುತ್ತದೆ, ಯಾರೋ ಕೊಲ್ಲಲು ಬರುತ್ತಿದ್ದಾರೆಂಬ ಸಂಶಯ ಗಟ್ಟಿಯಾಗಿ ಕೂರುತ್ತದೆ, ಸಾಯುವ ಯೋಚನೆಯೂ ಅಂಥದೇ ಇನ್ನೊಂದು ಲಕ್ಷಣ, ಆದ್ದರಿಂದ ಅದಕ್ಕೆ ಅರ್ಥ ಹುಡುಕುವುದು ಜ್ವರದ ಬಡಬಡಿಕೆಗೆ ವ್ಯಾಕರಣ ಹುಡುಕಿದ ಹಾಗೆ. ಮಾತ್ರೆ ಕೊಡಿ, ಕಾವಲು ಇಡಿ, ಹುಚ್ಚು ಇಳಿದರೆ ಯೋಚನೆಯೂ ಇಳಿಯುತ್ತದೆ. ಈ ವಾದದಲ್ಲಿ ಕರುಣೆಯಿದೆ. ಹೋದವರನ್ನು ಹೇಡಿ, ಪಾಪಿ ಎಂದು ಜರೆಯುತ್ತಿದ್ದ ಹಳೆಯ ಮಾತಿಗಿಂತ ಇದು ಎಷ್ಟೋ ಮೇಲು. ಹಡೆದವರ ತಲೆಯ ಮೇಲಿನ ತಪ್ಪಿನ ಹೊರೆಯನ್ನೂ ಇಳಿಸುತ್ತದೆ. ಕಾನೂನು ಕೂಡ ಇದೇ ದಿಕ್ಕಿಗೆ ಬಂದಿದೆ: 2018ರಲ್ಲಿ ಜಾರಿಯಾದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮೇ ಇಲ್ಲ. ವಿದ್ವತ್ತಿನ ಬೆಂಬಲವೂ ಇದಕ್ಕಿದೆ. ಈ ಕಾಯಿಲೆಗೆ ಹೆಸರಿಟ್ಟ ಸ್ವಿಸ್ ವೈದ್ಯ ಓಯ್ಗನ್ ಬ್ಲಾಯ್ಲರ್ 1911ರ ತನ್ನ ಗ್ರಂಥದಲ್ಲಿ ಸಾಯುವ ತುಡಿತವನ್ನು ಸ್ಕಿಜೋಫ್ರೇನಿಯಾದ ಲಕ್ಷಣಗಳಲ್ಲೇ ಅತಿ ಗಂಭೀರವಾದದ್ದೆಂದು ಎಣಿಸಿದ. ಎರಡು ವರ್ಷದ ನಂತರ ಕಾರ್ಲ್ ಯಾಸ್ಪರ್ಸ್, ಈ ಕಾಯಿಲೆಯ ಮೂಲ ಭ್ರಮೆಗಳಿಗೆ ಕಾರಣ ಹೇಳಬಹುದೇ ಹೊರತು ಒಳಗಿನಿಂದ ಅರ್ಥ ಮಾಡಿಕೊಳ್ಳಲಾಗದು ಎಂಬ ಪ್ರಸಿದ್ಧ ಗೆರೆ ಎಳೆದ.

ಗೊಂದಲ ಹುಟ್ಟುವುದು ಆ ಗೆರೆಯನ್ನು ಎಳೆದಲ್ಲಿ ಬಿಡದೆ ಮನುಷ್ಯನ ಸುತ್ತಲೂ ಎಳೆದುಬಿಟ್ಟಾಗ. ಯಾಸ್ಪರ್ಸ್ ಮಾತಾಡಿದ್ದು ಕೆಲವು ಭ್ರಮೆಗಳ ಹುಟ್ಟಿನ ಬಗ್ಗೆ. ಭ್ರಮೆಯುಳ್ಳವನ ಪ್ರತಿಯೊಂದು ದುಃಖದ ಬಗ್ಗೆ ಅಲ್ಲ. ‘ಈ ಕಾಯಿಲೆ ಸಾವಿನ ಅಪಾಯ ಹೆಚ್ಚಿಸುತ್ತದೆ’ ಎಂಬುದು ಒಂದು ಮಾತು. ‘ಆ ಯೋಚನೆಯನ್ನು ಕಾಯಿಲೆಯೇ ಮಾಡಿತು, ಅದರಲ್ಲಿ ಮನುಷ್ಯನ ಪಾಲಿಲ್ಲ’ ಎಂಬುದು ಇನ್ನೊಂದು. ಮೊದಲನೆಯದರಿಂದ ಎರಡನೆಯದು ಹೊರಡುವುದಿಲ್ಲ. ಕ್ಯಾನ್ಸರ್ ಬಂದವರಲ್ಲೂ ಆತ್ಮಹತ್ಯೆಯ ಪ್ರಮಾಣ ಉಳಿದವರಿಗಿಂತ ಹೆಚ್ಚು. ಹಾಗೆಂದು ಗಡ್ಡೆಯೇ ಆ ಯೋಚನೆ ಮಾಡಿತು ಎಂದು ಯಾರೂ ಹೇಳುವುದಿಲ್ಲ. ನೋವು, ಖರ್ಚು, ಇನ್ನೊಬ್ಬರಿಗೆ ಭಾರವಾಗುವ ಅಂಜಿಕೆ ಎಂದು ತಕ್ಷಣ ಅರ್ಥವಾಗುತ್ತದೆ. ಕಾಯಿಲೆ ಮಿದುಳಿನಲ್ಲಿದೆ ಎಂದ ಕೂಡಲೇ ನಾವು ಹುಡುಕಾಟ ನಿಲ್ಲಿಸುತ್ತೇವೆ. ಅವನ ತಲೆಯೊಳಗೆ ಇರುವುದೆಲ್ಲವೂ ಕಾಯಿಲೆಯ ಆಸ್ತಿ ಎಂದುಕೊಳ್ಳುತ್ತೇವೆ.

ಇದು ಬರೀ ತರ್ಕದ ಜಗಳವಾಗಿದ್ದರೆ ಬಿಡಬಹುದಿತ್ತು. ಪರೀಕ್ಷಿಸಲು ದಾರಿ ಇದೆ. ಸಾಯುವ ಯೋಚನೆ ಹುಚ್ಚಿನ ಲಕ್ಷಣವೇ ಆಗಿದ್ದರೆ ಹುಚ್ಚು ಏರಿದಂತೆ ಅದೂ ಏರಬೇಕು, ಇಳಿದಂತೆ ಇಳಿಯಬೇಕು. ಇಂಗ್ಲೆಂಡಿನ ಕೀತ್ ಹಾಟನ್ ಮತ್ತು ಸಂಗಡಿಗರು 2005ರಲ್ಲಿ 29 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಹಿಂದೆ ಖಿನ್ನತೆ ಬಂದಿದ್ದವರಲ್ಲಿ ಆತ್ಮಹತ್ಯೆಯ ಸಂಭವ ಸುಮಾರು ಮೂರು ಪಟ್ಟು. ಇತ್ತೀಚೆಗೆ ಯಾರನ್ನೋ, ಏನನ್ನೋ ಕಳೆದುಕೊಂಡವರಲ್ಲಿ ನಾಲ್ಕು ಪಟ್ಟು. ಹಿಂದೊಮ್ಮೆ ಯತ್ನಿಸಿದ್ದವರಲ್ಲೂ ನಾಲ್ಕು ಪಟ್ಟು. ಔಷಧಿ ಸರಿಯಾಗಿ ತೆಗೆದುಕೊಳ್ಳದವರಲ್ಲಿ ಹೆಚ್ಚುಕಡಿಮೆ ಅಷ್ಟೇ. ಎಲ್ಲಕ್ಕಿಂತ ದೊಡ್ಡದು, ಹನ್ನೆರಡು ಪಟ್ಟು, ಕಂಡದ್ದು ತನ್ನ ಮನಸ್ಸು ಒಡೆದು ಹೋಳಾಗುತ್ತಿದೆ ಎಂದು ಅಂಜಿದವರಲ್ಲಿ. ಇಲ್ಲದ ದನಿ ಕೇಳುವವರಲ್ಲಿ? ಅರ್ಧಕ್ಕೆ ಇಳಿದಿತ್ತು. ಜನ ಯಾವುದನ್ನು ಹುಚ್ಚಿನ ಗುರುತೆಂದು ತಿಳಿಯುತ್ತಾರೋ ಅದೇ ಇಲ್ಲಿ ಎದುರು ದಿಕ್ಕಿಗೆ ತೋರಿಸಿತು. ಅಮೆರಿಕದ ಚೆಸ್ಟ್‌ನಟ್ ಲಾಡ್ಜ್ ಆಸ್ಪತ್ರೆಯ ರೋಗಿಗಳನ್ನು ದೀರ್ಘಕಾಲ ಹಿಂಬಾಲಿಸಿದ ವೇಯ್ನ್ ಫೆಂಟನ್ ಮತ್ತು ಜೊತೆಗಾರರ 1997ರ ಅಧ್ಯಯನದಲ್ಲಿ, ಭಾವನೆಗಳೇ ಬತ್ತಿಹೋದ ಬಗೆಯ ಸ್ಕಿಜೋಫ್ರೇನಿಯಾದಲ್ಲಿ ಆತ್ಮಹತ್ಯೆ ಶೇ 1.5ರಷ್ಟಿದ್ದರೆ, ಸಂಶಯ ಪ್ರಧಾನವಾದ, ಆದರೆ ಭಾವ ಮತ್ತು ಬುದ್ಧಿ ಹೆಚ್ಚು ಉಳಿದುಕೊಂಡ ಬಗೆಯಲ್ಲಿ ಶೇ 12ರಷ್ಟಿತ್ತು. ಕಾಯಿಲೆ ಹೆಚ್ಚು ತಿಂದುಹಾಕಿದವರು ಕಡಿಮೆ ಸತ್ತರು. ಆಸೆಪಡುವ, ನಾಚುವ, ಹೋಲಿಸಿ ನೋಡುವ ಶಕ್ತಿ ಯಾರಲ್ಲಿ ಉಳಿದಿತ್ತೋ ಅವರು ಹೆಚ್ಚು ಸತ್ತರು. ಈ ಅಂಕಿಗಳನ್ನು ನಾನು ಓದುವುದು ಹೀಗೆ: ಸಾಯುವ ಯೋಚನೆಯ ಬೇರು ಬಹುಪಾಲು ಮನಸ್ಸಿನ ಕೆಟ್ಟ ಭಾಗದಲ್ಲಿ ಇರುವುದಿಲ್ಲ, ಕೆಡದೆ ಉಳಿದ ಭಾಗದಲ್ಲಿ ಇರುತ್ತದೆ.

ಯಾರು, ಯಾವಾಗ ಎಂದು ಕೇಳಿದರೂ ಉತ್ತರ ಇದಕ್ಕೇ ಹೊಂದುತ್ತದೆ. ಹಿಂದೆ ಪಠ್ಯಗಳು ಈ ಕಾಯಿಲೆಯುಳ್ಳವರಲ್ಲಿ ಶೇ 10ರಷ್ಟು ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ ಎನ್ನುತ್ತಿದ್ದವು. 2005ರಲ್ಲಿ ಬ್ರಯನ್ ಪಾಮರ್ ಮತ್ತು ಸಂಗಡಿಗರು ಲೆಕ್ಕವನ್ನು ತಿದ್ದಿ ಶೇ 5ರ ಹತ್ತಿರಕ್ಕೆ ತಂದರು, ಅದರಲ್ಲೂ ಹೆಚ್ಚಿನವು ಕಾಯಿಲೆ ಶುರುವಾದ ಆಸುಪಾಸಿನಲ್ಲೇ ಎಂದರು. ಹಾರ್ ಮತ್ತು ಟೇಲರ್ 2010ರಲ್ಲಿ ಮಾಡಿದ ಪರಾಮರ್ಶೆ ಹೇಳುವ ಅಪಾಯದ ಚಹರೆ ಇದು: ಎಳೆಯ ವಯಸ್ಸು, ಗಂಡು, ಹೆಚ್ಚು ಓದಿದವರು, ಖಿನ್ನತೆ, ಹಿಂದಿನ ಯತ್ನ, ತನಗೆ ಕಾಯಿಲೆಯಿದೆ ಎಂಬ ಅರಿವು. ಈ ಚಹರೆಯನ್ನು ಉತ್ತರ ಕನ್ನಡ ಜಿಲ್ಲೆಯ ಕೈಗಾದ ಸುತ್ತಿನಲ್ಲಿ ಇಟ್ಟು ನೋಡಿ. ಜಿಲ್ಲೆಯ ಸಾಕ್ಷರತೆ 2011ರ ಗಣತಿಯಲ್ಲೇ ಶೇ 84.06. ಮಲ್ಲಾಪುರ, ಕದ್ರಾದ ಮನೆಗಳಲ್ಲಿ ಮಗ ಐಟಿಐ ಅಥವಾ ಡಿಪ್ಲೊಮಾ ಓದುವುದು ಕೈಗಾ ಅಣುಸ್ಥಾವರದ ಕೆಲಸವನ್ನು ಕಣ್ಣೆದುರಿಟ್ಟುಕೊಂಡು. ಕಾರವಾರ, ಅಂಕೋಲೆಯ ಕರಾವಳಿಯಲ್ಲಿ ಸೀಬರ್ಡ್ ನೌಕಾನೆಲೆಯನ್ನು. ಜಮೀನು ಕಾಳಿ ನದಿಯ ಅಣೆಕಟ್ಟಿಗೋ ನೌಕಾನೆಲೆಗೋ ಹೋದ ಮನೆಯಾದರೆ ಆ ಕೆಲಸ ಸಂಬಳವಷ್ಟೇ ಅಲ್ಲ, ಕಳೆದುಕೊಂಡದ್ದರ ಬದಲು. ಸ್ಕಿಜೋಫ್ರೇನಿಯಾ ಗಂಡಸರಲ್ಲಿ ಸಾಮಾನ್ಯವಾಗಿ ತಲೆದೋರುವುದು ಹದಿಹರೆಯ ಮುಗಿದು ಇಪ್ಪತ್ತರ ನಡುಭಾಗದೊಳಗೆ, ಅಂದರೆ ಸರ್ಟಿಫಿಕೇಟು ಕೈಗೆ ಬಂದು ಅರ್ಜಿ ಹಾಕುವ ಹೊತ್ತಿಗೆ ಸರಿಯಾಗಿ. ಮೊದಲ ಬಾರಿ ಕೆಟ್ಟು, ಆಸ್ಪತ್ರೆಗೆ ಹೋಗಿ, ಆರು ತಿಂಗಳಲ್ಲಿ ದನಿಗಳು ಅಡಗಿ ಅವನು ಮನೆಯ ಜಗಲಿಯಲ್ಲಿ ಕೂತಾಗ ಮನೆಯವರು ಉಸಿರು ಬಿಡುತ್ತಾರೆ: ಹುಷಾರಾದ, ಈಗ ಗಲಾಟೆ ಇಲ್ಲ. ಅವನಿಗೆ ಅದೇ ಹೊತ್ತಿಗೆ ಮೊದಲ ಬಾರಿ ಪೂರ್ತಿ ಕಾಣಿಸತೊಡಗುತ್ತದೆ. ಜೊತೆಯಲ್ಲಿ ಓದಿದವರು ಶಿಫ್ಟಿಗೆ ಬಸ್ಸು ಹತ್ತುತ್ತಿದ್ದಾರೆ. ತಾನು ಬೀದಿಯಲ್ಲಿ ಕೂಗಾಡಿದ್ದನ್ನು ಊರು ಮರೆತಿಲ್ಲ. ಮಾತ್ರೆಯಿಂದ ಕೈ ನಡುಗುತ್ತದೆ, ಮೈ ಊದಿದೆ. ರೂಢಿಯ ತಿಳಿವಳಿಕೆಯ ಪ್ರಕಾರ ಇದು ಅಪಾಯ ಕಳೆದ ಸಮಯ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು, ಕಾಯಿಲೆಯ ಮೊದಲ ವರ್ಷಗಳೇ ಅತ್ಯಂತ ಅಪಾಯದವು ಎಂಬುದು ದೇಶದೇಶಗಳ ದಾಖಲೆಗಳಲ್ಲಿ ಮತ್ತೆಮತ್ತೆ ಸಿಕ್ಕ ಸಂಗತಿ. ಗಲಾಟೆಯ ದಿನಗಳಲ್ಲಿ ಹತ್ತು ಜನ ಅವನ ಸುತ್ತ ಇದ್ದರು. ಮೌನದ ದಿನಗಳಲ್ಲಿ ಒಬ್ಬರೂ ಇರುವುದಿಲ್ಲ.

ಹಾಗಾದರೆ ಅರಿವೇ ಕೊಲ್ಲುತ್ತದೆಯೇ? ಎಷ್ಟೋ ಮನೆಗಳು ನಡೆಯುವುದು ಇದೇ ನಂಬಿಕೆಯ ಮೇಲೆ. ರೋಗಿಗೆ ಕಾಯಿಲೆಯ ಹೆಸರು ಹೇಳುವುದಿಲ್ಲ. ‘ನರದ ತೊಂದರೆ’, ‘ನಿದ್ದೆಯ ಗುಳಿಗೆ’ ಎನ್ನುತ್ತಾರೆ. ಅದಕ್ಕೂ ಒಪ್ಪದಿದ್ದರೆ ಸಾರಿನಲ್ಲೋ ಚಹದಲ್ಲೋ ಕರಗಿಸಿ ಕೊಡುತ್ತಾರೆ. ದಣಿದ ಮನೆಯವರ ಮೇಲೆ ನಾನಿಲ್ಲಿ ತೀರ್ಪು ಕೊಡುತ್ತಿಲ್ಲ. ಆದರೆ ವಾದ ನಿಲ್ಲುವುದಿಲ್ಲ. ಅಮೆರಿಕದ ಪಾಲ್ ಲೈಸೇಕರ್ ಮತ್ತು ಸಂಗಡಿಗರು 2007ರಲ್ಲಿ ಗಮನಿಸಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಕಾಯಿಲೆಯ ಅರಿವಿದ್ದವರೆಲ್ಲರೂ ಕುಸಿಯಲಿಲ್ಲ, ಅರಿವಿನ ಜೊತೆಗೆ ‘ಇಂಥ ಕಾಯಿಲೆಯವರು ಯಾತಕ್ಕೂ ಬಾರದವರು’ ಎಂಬ ಲೋಕದ ಮಾತನ್ನು ತಾವೂ ನಂಬಿಕೊಂಡವರಲ್ಲಿ ಭರವಸೆಯೂ ಸ್ವಾಭಿಮಾನವೂ ಅತಿ ಕಡಿಮೆ ಇದ್ದವು. ಅರಿವು ಒಂದು ಕಿಟಕಿಯಷ್ಟೇ. ಅದು ತೆರೆದಾಗ ಹೊರಗೆ ಏನು ಕಾಣುತ್ತದೆ ಎಂಬುದು ಊರಿಗೆ ಬಿಟ್ಟದ್ದು. ನಮ್ಮಲ್ಲಿ ಕಾಣುವುದೇನು? ಉತ್ತರ ಕರ್ನಾಟಕದ ಬಾಯಿಮಾತಿನಲ್ಲಿ ಧಾರವಾಡದ ಆಸ್ಪತ್ರೆ ಇವತ್ತಿಗೂ ‘ಹುಚ್ಚಾಸ್ಪತ್ರೆ’. 1845ರಲ್ಲಿ ಶುರುವಾದ ಅದು ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದಿದ್ದರೂ ಅಲ್ಲಿಗೆ ಹೋಗಿ ಬಂದ ಸುದ್ದಿ ಮದುವೆಯ ಮಾತುಕತೆ ಮುರಿಯಲು ಸಾಕು, ಅವನದಷ್ಟೇ ಅಲ್ಲ, ತಂಗಿಯದೂ. ಕಾಯಿಲೆಯ ಹೆಸರೂ ಸಹಾಯ ಮಾಡುವುದಿಲ್ಲ. ಕನ್ನಡದಲ್ಲಿ ‘ಇಚ್ಛಿತ್ತ ವಿಕಲತೆ’ ಎಂದರೆ ಯಾರಿಗೂ ತಿಳಿಯದು. ‘ಛಿದ್ರಮನಸ್ಕತೆ’ ಎಂದರೆ ತಿಳಿಯುತ್ತದೆ, ಮತ್ತು ಅದೇ ತೊಂದರೆ. ಮನಸ್ಸು ಒಡೆಯುವ ಅಂಜಿಕೆಯೇ ಅಪಾಯಗಳಲ್ಲೆಲ್ಲ ದೊಡ್ಡದೆಂದು ಈಗಷ್ಟೇ ನೋಡಿದೆವು. ಅಂಥವರಿಗೆ ವೈದ್ಯರ ಬಾಯಿಂದಲೇ ಒಡೆದ ಮನಸ್ಸು ಎಂಬ ಹೆಸರು ಕೊಡಿಸುತ್ತೇವೆ. ಜಪಾನು ಇಂಥದೇ ಅರ್ಥದ ತನ್ನ ಹಳೆಯ ಹೆಸರನ್ನು 2002ರಲ್ಲಿ ಕೈಬಿಟ್ಟಿತು. ಇನ್ನು ಅರಿವನ್ನು ತಡೆಹಿಡಿಯುವ ಉಪಾಯ ಎಷ್ಟು ದಿನ ನಡೆದೀತು? ಸಾರಿನಲ್ಲಿ ಗುಳಿಗೆ ಬೆರೆಸಿದ್ದು ಒಂದಲ್ಲ ಒಂದು ದಿನ ಗೊತ್ತಾಗುತ್ತದೆ. ಊಟದಲ್ಲಿ ಏನೋ ಹಾಕುತ್ತಿದ್ದಾರೆ ಎಂದು ಸಂಶಯಪಡುವ ಕಾಯಿಲೆಯವನಿಗೆ ಆ ಸಂಶಯ ಸತ್ಯವೆಂದು ರುಜುವಾತಾದಂತಾಗುತ್ತದೆ. ಆಮೇಲೆ ಊಟವೂ ನಿಲ್ಲುತ್ತದೆ, ಔಷಧಿಯೂ ನಿಲ್ಲುತ್ತದೆ. ಹಾರ್ ಮತ್ತು ಟೇಲರ್ ಕಂಡ, ಎಲ್ಲ ಅಧ್ಯಯನಗಳಲ್ಲೂ ಒಂದೇ ತೆರನಾಗಿ ಸಿಕ್ಕ ರಕ್ಷಣೆ ಒಂದೇ ಒಂದು: ಪರಿಣಾಮಕಾರಿ ಚಿಕಿತ್ಸೆ ಸಿಗುವುದು ಮತ್ತು ಅದನ್ನು ಬಿಡದೆ ಮುಂದುವರಿಸುವುದು.

ಸಾಯುವ ಯೋಚನೆ ಬರುವ ದಾರಿಗಳನ್ನು ಬೇರೆಬೇರೆಯಾಗಿ ಹೆಸರಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಒಬ್ಬರಲ್ಲೇ ಎರಡು ಮೂರು ಸೇರಿರುವುದೂ ಉಂಟು.

1. ಕಳೆದುಕೊಂಡದ್ದರ ಲೆಕ್ಕ. ಮೇಲೆ ಹೇಳಿದ್ದು ಇದೇ. ಇದು ಯಾರಿಗಾದರೂ ಬರಬಹುದಾದ ಹತಾಶೆ. ಕಾಯಿಲೆ ಅದಕ್ಕೆ ಸಾಮಗ್ರಿ ಒದಗಿಸಿದೆ, ಅಷ್ಟೆ.

2. ಖಿನ್ನತೆ. ಇದು ಎರಡನೆಯ ಕಾಯಿಲೆ, ಬೇರೆ ಚಿಕಿತ್ಸೆ ಬೇಡುವಂಥದು. ಮಾತು ಕಡಿಮೆಯಾದದ್ದನ್ನೂ ಮುಖ ಸಪ್ಪಗಾದದ್ದನ್ನೂ ‘ಆ ಕಾಯಿಲೆಯೇ ಹಾಗೆ’ ಎಂದು ಬಿಟ್ಟುಬಿಡುವುದರಿಂದ ತಪ್ಪಿಹೋಗುತ್ತದೆ.

3. ಮೈಯ ತಳಮಳ. ಕೆಲವು ಔಷಧಿಗಳಿಂದ, ಅದರಲ್ಲೂ ಹಳೆಯ ಬಗೆಯವುಗಳಿಂದ, ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಬರುತ್ತದೆ. ಚರ್ಮದಿಂದ ಹೊರಗೆ ಹಾರಬೇಕೆನಿಸುವಂಥ ಸಂಕಟ ಅದು. ಹಾಟನ್ ಪಟ್ಟಿಯಲ್ಲಿ ಚಡಪಡಿಕೆಗೆ ಎರಡೂವರೆ ಪಟ್ಟು ಅಪಾಯವಿದೆ. ನೋಡುವವರು ಹುಚ್ಚು ಹೆಚ್ಚಾಯಿತೆಂದು ಅದೇ ಔಷಧಿಯನ್ನು ಹೆಚ್ಚಿಸಿಯಾರು. ಬೇಕಾದದ್ದು ಪ್ರಮಾಣ ಇಳಿಸುವುದು ಅಥವಾ ಔಷಧಿ ಬದಲಿಸುವುದು.

4. ದನಿ ಮತ್ತು ಭಯ. ರೂಢಿಯ ತಿಳಿವಳಿಕೆಗೆ ಗೊತ್ತಿರುವುದು ಇದೊಂದೇ ದಾರಿ.

ನಾಲ್ಕನೆಯದನ್ನು ಹಗುರ ಮಾಡಿದೆ ಎಂದು ಬಲ್ಲವರು ಆಕ್ಷೇಪಿಸಬಹುದು, ಆಕ್ಷೇಪಕ್ಕೆ ಆಧಾರವೂ ಇದೆ. ಹಾರ್ ಮತ್ತು ಟೇಲರ್ ಪಟ್ಟಿಯಲ್ಲಿ ಅಡಗದ ದನಿಗಳು, ಅಡಗದ ಭ್ರಮೆಗಳು ಅಪಾಯದ ಕಡೆಗೇ ಇವೆ; ಚೆಸ್ಟ್‌ನಟ್ ಲಾಡ್ಜಿನಲ್ಲೂ ಸತ್ತವರಲ್ಲಿ ಸಂಶಯ, ಭ್ರಮೆಗಳು ತೀವ್ರವಾಗಿದ್ದವು. ‘ಸಾಯಿ, ನೀನಿದ್ದು ಪ್ರಯೋಜನವಿಲ್ಲ’ ಎಂದು ದಿನವಿಡೀ ಹೇಳುವ ದನಿಯನ್ನು ಕೇಳುತ್ತ ಬದುಕುವವರಿದ್ದಾರೆ; ಅದನ್ನು ಖಿನ್ನತೆಯ ಅಲಂಕಾರ ಎಂದು ತಳ್ಳಿಹಾಕುವುದು ಕ್ರೌರ್ಯ. ಒಪ್ಪುತ್ತೇನೆ. ಆದರೂ ಈ ದಾರಿ ಕೂಡ ಮನುಷ್ಯನನ್ನು ಬದಿಗಿಟ್ಟು ಹೋಗುವುದಿಲ್ಲ, ಅವನ ಮೂಲಕವೇ ಹಾಯುತ್ತದೆ. ದನಿ ಕೇಳಿದವರೆಲ್ಲ ಅದು ಹೇಳಿದಂತೆ ಮಾಡುವುದಿಲ್ಲ. ಯಾರು ಮಾಡುತ್ತಾರೆ ಎಂಬುದು, ಆ ದನಿಗೆ ಎಷ್ಟು ಬಲವಿದೆ ಎಂದು ಅವರು ನಂಬುತ್ತಾರೆ, ಅದರೆದುರು ತಮ್ಮನ್ನು ಎಷ್ಟು ಅಲ್ಪವೆಂದುಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ. ಬ್ರಿಟನ್ನಿನ ಮ್ಯಾಕ್ಸ್ ಬರ್ಚ್‌ವುಡ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. ಅಪಾಯಕರ ಆಜ್ಞೆ ಕೊಡುವ ದನಿ ಕೇಳುತ್ತಿದ್ದ 197 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಮಾತಿನ ಚಿಕಿತ್ಸೆಯನ್ನೂ ಕೊಟ್ಟರು. ದನಿಯನ್ನು ಅಡಗಿಸುವುದು ಗುರಿಯಾಗಿರಲಿಲ್ಲ. ದನಿಯ ಅಧಿಕಾರವನ್ನು ಪ್ರಶ್ನಿಸಲು ಕಲಿಸುವುದು ಗುರಿ. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, 18 ತಿಂಗಳ ಕೊನೆಗೆ ದನಿಗೆ ಪೂರ್ತಿ ಮಣಿದವರು ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 46, ಮಾತಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 28. ಆ ಯೋಚನೆ ಅರ್ಥಕ್ಕೆ ಎಟುಕದ ಬರೀ ಮಿದುಳಿನ ಸಿಡಿತವಾಗಿದ್ದರೆ ಮಾತು ಅಲ್ಲಿ ಮಾಡುವ ಕೆಲಸವೇ ಇರುತ್ತಿರಲಿಲ್ಲ.

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಸಾಯುವ ಯೋಚನೆಗೆ ಕಾರಣಗಳಿವೆ, ಅವು ಅರ್ಥವಾಗುತ್ತವೆ ಎಂದರೆ ಅದು ಸರಿ ಎಂದಂತಾಗಲಿಲ್ಲವೇ? ಹುಚ್ಚು ಎಂದುಬಿಟ್ಟರೆ ಕನಿಷ್ಠ ತಡೆಯುವ ಹಕ್ಕಾದರೂ ಉಳಿಯುತ್ತದೆ. ಇಲ್ಲಿ ಅರ್ಥವಾಗುವುದಕ್ಕೂ ಒಪ್ಪುವುದಕ್ಕೂ ಇರುವ ದೂರವನ್ನು ಮರೆಯಬಾರದು. ಒಂದು ತರ್ಕ ನಮಗೆ ಅರ್ಥವಾದಾಗಲೇ ಅದರಲ್ಲಿ ತಪ್ಪೆಲ್ಲಿದೆ ಎಂದು ತೋರಿಸಲು ಸಾಧ್ಯ. ಬಡಬಡಿಕೆಗೆ ಉತ್ತರ ಕೊಡಲಾಗುವುದಿಲ್ಲ. ಇಪ್ಪತ್ತೆರಡರ ಯುವಕ ತನ್ನ ಮುಂದಿನ ನಲವತ್ತು ವರ್ಷಗಳನ್ನು ಅಳೆಯುತ್ತಿರುವುದು ಕಾಯಿಲೆಯ ಮೊದಲ ಎರಡು ವರ್ಷಗಳ ಅಳತೆಗೋಲಿನಿಂದ. ಅವು ಸಾಮಾನ್ಯವಾಗಿ ಅತ್ಯಂತ ಕೆಟ್ಟ ವರ್ಷಗಳು. ವಿಶ್ವ ಆರೋಗ್ಯ ಸಂಸ್ಥೆ ಆಗ್ರಾವನ್ನೂ ಸೇರಿಸಿಕೊಂಡು ಹಲವು ದೇಶಗಳಲ್ಲಿ ನಡೆಸಿದ ಹಳೆಯ ಅಧ್ಯಯನದಿಂದ ಹಿಡಿದು, ಬಹಳ ಮಂದಿ ಪೂರ್ತಿಯಾಗಿಯೋ ಬದುಕಲು ಸಾಕಾಗುವಷ್ಟೋ ಸುಧಾರಿಸಿಕೊಂಡದ್ದು ದಾಖಲಾಗಿದೆ. ‘ಇದು ಎಂದೂ ಸರಿಹೋಗುವುದಿಲ್ಲ’ ಎಂಬ ಅವನ ಮಾತು ಒಂದು ಭವಿಷ್ಯವಾಣಿ, ಅದಕ್ಕೆ ಆಧಾರ ಸಾಲದು. ಅದನ್ನು ಅವನಿಗೆ ಹೇಳಬೇಕಾದರೆ ಮೊದಲು ಅವನಿಂದ ಆ ಮಾತು ಹೊರಗೆ ಬರಬೇಕು. ‘ನಾನು ಮನೆಗೆ ಭಾರ’ ಎಂಬುದೂ ಹಾಗೆಯೇ. ಅದು ಅರ್ಧ ನಿಜ, ಉಳಿದರ್ಧ ಮನೆಯವರ ಬಾಯಿಂದಲೇ ಬರಬೇಕಾದ್ದು. ತುರ್ತಿನಲ್ಲಿ ತಡೆಯುವ, ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಇಡುವ, ಆಸ್ಪತ್ರೆಗೆ ಸೇರಿಸುವ ಕರ್ತವ್ಯ ಇದರಿಂದ ಒಂದಿಷ್ಟೂ ಸಡಿಲವಾಗುವುದಿಲ್ಲ. ಪರಿಚಿತನ ಮೇಲೆ ಲಾರಿ ಬರುತ್ತಿದ್ದರೆ ಎಳೆದು ನಿಲ್ಲಿಸಲು ಅವನನ್ನು ಮೊದಲು ಹುಚ್ಚನೆಂದು ಘೋಷಿಸಬೇಕಾಗಿಲ್ಲ.

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಎಲ್ಲ ಕಡೆ ಇದೆ. ಇದಕ್ಕೆ ಉದ್ದ ಉತ್ತರ ಬೇಡ. 2014ರಲ್ಲಿ ದಾಜಿ ಮತ್ತು ಸಂಗಡಿಗರು ಈ ಕುರಿತ ಅಧ್ಯಯನಗಳನ್ನು ಪರಾಮರ್ಶಿಸಿದಾಗ, ಕೇಳಿದ್ದರಿಂದ ಸಾಯುವ ಯೋಚನೆ ಹೆಚ್ಚಿದ್ದು ಕಾಣಲಿಲ್ಲ. ಕೆಲವರಲ್ಲಿ ತಗ್ಗಿದಂತೆಯೇ ತೋರಿತು. ಈ ಕಾಯಿಲೆಯುಳ್ಳವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಆ ಯೋಚನೆ ಬಂದಿರುತ್ತದೆ, ನಾಲ್ವರಲ್ಲೊಬ್ಬರು ಯತ್ನಿಸಿಯೂ ಇರುತ್ತಾರೆ. ನಾವು ಹಾಕುವ ಮೊದಲೇ ಅದು ಅಲ್ಲಿ ಇದೆ. ಮೂವರಲ್ಲೊಬ್ಬರಿಗೆ ಯೋಚನೆ, ನೂರರಲ್ಲಿ ಐವರಿಗೆ ಸಾವು ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಇನ್ನೊಂದೂ ಕಾಣುತ್ತದೆ: ಯೋಚನೆ ಬಂದವರಲ್ಲಿ ಬಹುತೇಕರು ಅದನ್ನು ದಾಟಿ ಬದುಕಿದ್ದಾರೆ. ದಾಟಿದವರು ಹೇಗೆ ದಾಟಿದರೆಂದು ಕೇಳುವ ಅಭ್ಯಾಸವೂ ನಮಗಿಲ್ಲ.

ಉಳಿಯುವುದು ವೈದ್ಯರೇ ಎತ್ತುವ ಆಕ್ಷೇಪ. ನೂರರಲ್ಲಿ ಐವರು ಎಂದರೆ ತೊಂಬತ್ತೈದು ಮಂದಿ ಹಾಗೆ ಸಾಯುವುದಿಲ್ಲ. ಆ ಐವರು ಯಾರೆಂದು ಮೊದಲೇ ಹೇಳಬಲ್ಲ ಪರೀಕ್ಷೆ ಜಗತ್ತಿನಲ್ಲೇ ಇಲ್ಲ. ಮತ್ತೆ ಈ ವಿಶ್ಲೇಷಣೆಯಿಂದ ಏನು ಉಪಯೋಗ? ಆಕ್ಷೇಪ ಸರಿಯಾಗಿದೆ, ಅದರ ತೀರ್ಮಾನ ತಪ್ಪು. ಐವರನ್ನು ಹೆಕ್ಕಲಾಗದು ಎಂದಾದರೆ ನೂರು ಮಂದಿಯನ್ನೂ ಕೇಳಬೇಕೆಂದು ಅರ್ಥ. ಕಣ್ಣಿಗೆ ಕಾಣದ್ದನ್ನು ಅಳೆಯುವ ಪದ್ಧತಿ ಕೈಗಾದವರಿಗೆ ಹೊಸತಲ್ಲ. ಅಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯವೊಂದಿದೆ. ಸುತ್ತಲಿನ ನೀರು, ಮಣ್ಣು, ಬೆಳೆ, ಮೀನಿನ ಮಾದರಿಗಳನ್ನು ಅದು ಸದಾ ಪರೀಕ್ಷಿಸುತ್ತಿರುತ್ತದೆ, ಯಾರಿಗೂ ಏನೂ ಆಗದಿರುವಾಗಲೇ. ಹೊಗೆ ಕಂಡ ಮೇಲೆ ಅಳೆಯೋಣ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ, ದವಾಖಾನೆಗಳಲ್ಲಿ ಈ ವಿಷಯಕ್ಕೆ ಹೊಗೆಯನ್ನೇ ಕಾಯುತ್ತೇವೆ. ಎಷ್ಟು ಜನರನ್ನು ಕೇಳಬೇಕಾದೀತು? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ 0.42 ಮಂದಿಗೆ ಸ್ಕಿಜೋಫ್ರೇನಿಯಾ ಅಥವಾ ಆ ಬಗೆಯ ಕಾಯಿಲೆ ಇದೆಯೆಂದು ಲೆಕ್ಕ ಹಾಕಿತು, ಅವರಲ್ಲಿ ಮುಕ್ಕಾಲು ಪಾಲು ಚಿಕಿತ್ಸೆಯ ಹೊರಗಿದ್ದಾರೆಂದಿತು. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೂ ದೇಶದ ಸರಾಸರಿಯನ್ನು 14 ಲಕ್ಷ ಚಿಲ್ಲರೆ ಜನಸಂಖ್ಯೆಯ ಉತ್ತರ ಕನ್ನಡಕ್ಕೆ ಹಚ್ಚಿದರೆ ನಾಲ್ಕು ಸಾವಿರದ ಆಸುಪಾಸು ಬರುತ್ತದೆ. ಒಂದು ಜಿಲ್ಲೆ ಹೆಸರು ಹಿಡಿದು ನೆನಪಿಟ್ಟುಕೊಳ್ಳಲಾಗದಷ್ಟು ದೊಡ್ಡ ಸಂಖ್ಯೆ ಅದಲ್ಲ.

ಜಿಲ್ಲೆಯಲ್ಲಿ ವ್ಯವಸ್ಥೆಯ ಕೊರತೆ ದೊಡ್ಡದು. ಒಳ್ಳೆಯ ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಜಿಲ್ಲೆ ದನಿ ಎತ್ತಿದ್ದು ಸುಮ್ಮನೆ ಅಲ್ಲ. ಕೈಗಾದಿಂದ ಕಾರವಾರಕ್ಕೆ ಐವತ್ತು ಕಿಲೋಮೀಟರಿನ ಮೇಲೆ. ಕಾರವಾರದಿಂದ ಧಾರವಾಡಕ್ಕೆ ಘಟ್ಟ ಹತ್ತಿ ನೂರೈವತ್ತಕ್ಕೂ ಹೆಚ್ಚು. ಅನೇಕರು ಗಡಿ ದಾಟಿ ಗೋವೆಯ ಬಾಂಬೋಳಿಯ ಆಸ್ಪತ್ರೆಗೆ ಹೋಗುತ್ತಾರೆ. ಅದಕ್ಕೂ ಮೊದಲು ದೇವಸ್ಥಾನದಲ್ಲಿ ಪ್ರಸಾದ ಕೇಳಿ, ನೋಟ ನೋಡಿಸಿ, ತಿಂಗಳುಗಳು ಕಳೆದಿರುತ್ತವೆ. ಆದರೂ ಈ ವಾದ ಕೇಳುತ್ತಿರುವುದರಲ್ಲಿ ಹೆಚ್ಚಿನದಕ್ಕೆ ದೊಡ್ಡ ಕಟ್ಟಡ ಬೇಡ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಹಳ್ಳಿಯಲ್ಲೇ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ, ಔಷಧಿ ಕೊಟ್ಟು, ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿದಾಗ, ಚಿಕಿತ್ಸೆ ಮುಂದುವರಿಸಿದವರ ದಿನನಿತ್ಯದ ಬದುಕು ಸುಧಾರಿಸಿದ್ದು ಕಂಡಿತು. 2003ರಲ್ಲಿ ಪ್ರಕಟವಾದ, 11 ದೇಶಗಳ 980 ಜನರ ಮೇಲಿನ ಪ್ರಯೋಗವೊಂದು ಕ್ಲೋಜಪೀನ್ ಎಂಬ ಹಳೆಯ ಔಷಧಿ ಇನ್ನೊಂದು ಒಳ್ಳೆಯ ಔಷಧಿಗಿಂತಲೂ ಆತ್ಮಹತ್ಯಾ ಯತ್ನಗಳನ್ನು ಹೆಚ್ಚು ತಗ್ಗಿಸಿದ್ದನ್ನು ತೋರಿಸಿತು. ಅದಕ್ಕೆ ರಕ್ತಪರೀಕ್ಷೆ ಮೇಲಿಂದ ಮೇಲೆ ಬೇಕು, ಆದ್ದರಿಂದ ಬರೆಯಲು ಹಿಂಜರಿಕೆ. ಮೊದಲ ತಿಂಗಳುಗಳಲ್ಲಿ ವಾರವಾರ ರಕ್ತ ಕೊಡಲು ಬರುವವರನ್ನು ವಾರವಾರ ಮಾತಾಡಿಸಲೂ ಆಗುತ್ತದೆ ಎಂಬ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯವನ್ನು ಕರ್ನಾಟಕ 2014ರಲ್ಲೇ ಶುರು ಮಾಡಿತು. ಕಾರವಾರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೇ ಉತ್ತರಿಸುತ್ತದೆ, ರಾತ್ರಿಯೂ.

ಇಂಥ ಕಡೆ ಕೇಳಲಾಗುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಗುಳಿಗೆ ಸರಿಯಾಗಿ ತಗೊಳ್ತಿದ್ದಾನಾ, ನಿದ್ದೆ ಬರ್ತದಾ, ಗಲಾಟೆ ಮಾಡ್ತಾನಾ. ಮೂರನ್ನೂ ಕೇಳುವುದು ಜೊತೆಗೆ ಬಂದವರನ್ನು. ರೋಗಿ ಪಕ್ಕದಲ್ಲೇ ಕೂತಿರುತ್ತಾನೆ. ಅವನತ್ತ ತಿರುಗಿ, ಉಳಿದವರನ್ನು ಐದು ನಿಮಿಷ ಹೊರಗೆ ಕೂರಿಸಿ, ‘ಬದುಕು ಬೇಡ ಅಂತ ಅನ್ನಿಸ್ತದಾ ನಿಮಗೆ?’ ಎಂದು ಕೇಳಬೇಕು, ಹೌದೆಂದರೆ ‘ಯಾಕೆ?’ ಎಂದೂ. ಬರುವ ಉತ್ತರಗಳಲ್ಲಿ ದನಿಗಳಿರಬಹುದು. ಮಾತ್ರೆ ತಗೊಂಡರೆ ನಿಂತಲ್ಲಿ ನಿಲ್ಲಲಾಗುವುದಿಲ್ಲ ಎಂದಿರಬಹುದು, ತಂಗಿಯ ಮದುವೆ ನನ್ನಿಂದ ನಿಂತಿದೆ ಎಂದಿರಬಹುದು. ಮಾತ್ರೆಯದಾದರೆ ಅವತ್ತೇ ಚೀಟಿ ಬದಲಿಸಬಹುದು. ಮದುವೆಯದಾದರೆ ಅಪ್ಪ ಅಮ್ಮನನ್ನು ಒಳಗೆ ಕರೆದು ಕೂರಿಸಬೇಕಾಗುತ್ತದೆ. ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಹೊರಗೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ.